ಕಲ್ಲಿನ ಹದ ನೋಡುತ್ತಿದ್ದವಳು

ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಫೋನ್ ಮಾಡಿದವನು ಅವಳ ತಮ್ಮ, ಶಹಾಬಾದಿನಿಂದ. "ಅಕ್ಕ ಹೋಗಿಬಿಟ್ಟಳ್ರಿ ಅವ್ವಾರ. ಮಲಕೊಂಡಾಕಿ ಎದ್ದೇ ಇಲ್ಲ" ಎಂದ. ಮಣ್ಣಾಯಿತಾ ಎಂದು ಕೇಳಿದೆ. ಆಯಿತು ಎಂದ. ಸರಿಯಪ್ಪ ಎಂದು ಫೋನ್ ಇಟ್ಟು ಉಳಿದ ಕಾಯಿಯನ್ನೂ ಬಿಡಿಸಿದೆ. ಸಾರಿಗೆ ಬೇಕಿತ್ತು. ಸೊಸೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು, ಅಳುತ್ತಾಳೇನೋ ಎಂದು. ಅಳು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಕೈ ಮರಗಟ್ಟಿದಾಗ ಚಿವುಟಿದರೆ ಚಿವುಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲವಲ್ಲ, ಹಾಗಿದೆ.

ನಮ್ಮದು ಕಗ್ಗದಾಸಪುರ. ಮೊದಲು ರಾಗಿ ಬೆಳೆಯುತ್ತಿದ್ದೆವು, ಈಗ ಬಾಡಿಗೆದಾರರನ್ನು ಬೆಳೆಯುತ್ತೇವೆ. ಹೊಲ ಇದ್ದಲ್ಲಿ ಸಾಲುಮನೆ ಕಟ್ಟಿಸಿದ್ದೇವೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬರುವವರೇ ಹೆಚ್ಚು. ಅವಳೂ ಆ ಕಡೆಯವಳೇ. ನಮ್ಮ ತಲೆಯ ಮೇಲಿನ ಮನೆಗೆ ಒಬ್ಬಳೇ ಬಂದಳು. ಮದುವೆ ಆಗಿರಲಿಲ್ಲ, ಐವತ್ತು ದಾಟಿತ್ತು. ಎರಡು ಸೀರೆ ಪೆಟ್ಟಿಗೆ, ಒಂದು ರೊಟ್ಟಿ ಹಂಚು, ಬಾಕಿಯೆಲ್ಲ ಕಲ್ಲು ತುಂಬಿದ ಡಬ್ಬ. ಸಾಮಾನು ಹೊತ್ತವನು ಮೆಟ್ಟಿಲ ಮೇಲೆ ಡಬ್ಬ ಇಳಿಸಿ, "ಏನಕ್ಕ ಇದು, ದೇವಸ್ಥಾನ ಕಟ್ತೀರಾ?" ಎಂದು ಕೇಳಿದ್ದ. ಹೆಸರು ಬರೆಯುವುದಿಲ್ಲ. ಬೀದಿಯವರು ಕಲ್ಲು ಮೇಡಂ ಎನ್ನುತ್ತಿದ್ದರು, ನಾನು ಏನಮ್ಮ ಎನ್ನುತ್ತಿದ್ದೆ, ಅವಳು ಅವ್ವಾರ ಎನ್ನುತ್ತಿದ್ದಳು. ಅಷ್ಟರಲ್ಲೇ ಎಲ್ಲ ನಡೆಯಿತು.

ಬಂದ ಹೊಸದರಲ್ಲಿ ಒಂದು ದಿನ ಬಟ್ಟೆ ಒಣಗಿಹಾಕಲು ಮಹಡಿಗೆ ಹೋದೆ. ಬಿಸಿಲಲ್ಲಿ ಕೂತು ಕರೀ ಕಲ್ಲಿನ ಚೂರೊಂದನ್ನು ಮುಂಬಲ್ಲಿನಲ್ಲಿ ಕಡಿಯುತ್ತಿದ್ದಳು.

"ಏನಮ್ಮ, ಕಲ್ ತಿಂತೀಯಾ? ಬಸುರಿನಾ ನೀನು?"

ಮೊದಲು ಕಡಿದು ಮುಗಿಸಿದಳು. ಆಮೇಲೆ ಉಗುಳಿ, ಬಾಯಿ ಒರೆಸಿಕೊಂಡು ಹೇಳಿದಳು. "ಈ ವಯಸ್ಸಿನಾಗ ಎಲ್ಲಿ ಬಸುರ್ರಿ ಅವ್ವಾರ. ಹಲ್ಲಿಗೆ ಕರಕರ ಅಂದ್ರ ಉಸುಕು ಅದ ಅಂತ. ಬೆಣ್ಣಿ ಹಂಗ ಅಂದ್ರ ಬರೇ ಜೇಡಿ. ನೀವೂ ನೋಡ್ರಿ."

"ನಂಗಿರೋದೇ ನಾಲ್ಕು ಹಲ್ಲು. ನಿನ್ ಕಲ್ಲಿಗೆ ಯಾಕ್ ಕಳ್ಕೊಳ್ಳಲಿ?"

ಶೇಲ್ ಎನ್ನುವ ಕಲ್ಲು ಅದು. ಯಾವುದೋ ಕಾಲದ ಕೆಸರು ಹೂತುಹೋಗಿ, ಮೇಲಿನ ಭಾರಕ್ಕೆ ಒತ್ತಿ, ಪದರ ಪದರವಾಗಿ ಗಟ್ಟಿಯಾಗಿರುತ್ತದೆ. ಆ ಕೆಸರಿನಲ್ಲಿ ಗಿಡ, ಪಾಚಿ, ಹುಳ ಎಲ್ಲ ಸತ್ತು ಸೇರಿರುತ್ತವೆ. ಭೂಮಿಯೊಳಗಿನ ಬಿಸಿಗೆ ಅವೆಲ್ಲ ಬೆಂದು ಎಣ್ಣೆಯಾಗುತ್ತವೆ, ಇನ್ನೂ ಬೆಂದರೆ ಗ್ಯಾಸು. ಎಲ್ಲೆಲ್ಲಿಂದಲೋ, ಹೊರದೇಶದಿಂದಲೂ, ಭೂಮಿ ಕೊರೆದಾಗ ಬಂದ ಕಲ್ಲಿನ ಪುಡಿ ಇವಳ ಆಫೀಸಿಗೆ ಬರುತ್ತಿತ್ತು. ಆಫೀಸು ಸಿ.ವಿ. ರಾಮನ್ ನಗರದ ಹತ್ತಿರ, ಆ ದೊಡ್ಡ ಗಾಜಿನ ಕಟ್ಟಡಗಳ ಒಳಗೆ. ಪುಡಿಯನ್ನು ಆಸಿಡ್‌ನಲ್ಲಿ ಕರಗಿಸಿದರೆ ಕಲ್ಲು ಹೋಗಿ, ಆ ಕಾಲದ ಗಿಡಗಳ ಧೂಳು ಮಾತ್ರ ಉಳಿಯುತ್ತದಂತೆ. ಅದನ್ನು ಗಾಜಿನ ಚೂರಿನ ಮೇಲೆ ಹರಡಿ ಮೈಕ್ರೋಸ್ಕೋಪಿನಲ್ಲಿ ಬಣ್ಣ ನೋಡಬೇಕು. ತಿಳಿ ಹಳದಿ ಇದ್ದರೆ ಕಲ್ಲು ಹಸಿ. ಕಿತ್ತಳೆಯಿಂದ ಕಂದು ಇದ್ದರೆ ಹದವಾಗಿ ಬೆಂದಿದೆ, ಕೊರೆಯಬಹುದು. ಕಪ್ಪಾಗಿದ್ದರೆ ಸೀದುಹೋಗಿದೆ, ಬಿಟ್ಟುಬಿಡಿ. ಇದೇ ಅವಳ ಕೆಲಸ. ಇಡೀ ಆಯುಸ್ಸು ಮಾಡಿದ್ದು ಇಷ್ಟೇ. ಮೆಷಿನ್‌ಗಳೂ ಇದ್ದವಂತೆ. ಮೆಷಿನ್ ಒಂದು ಹೇಳಿ ಇವಳ ಕಣ್ಣು ಇನ್ನೊಂದು ಹೇಳಿದರೆ ಆಫೀಸಿನವರು ಇವಳ ಕಣ್ಣನ್ನೇ ನಂಬುತ್ತಿದ್ದರು.

"ಮುದ್ದೆ ಬೆಂದಿದ್ಯಾ ಅಂತ ನೋಡಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳಿದೆ.

"ನಿಮಗ್ಯಾರೂ ಕೊಟ್ಟಿಲ್ಲಲ್ರಿ, ಪಾಪ" ಎಂದಳು.

ಎಲ್ಲವನ್ನೂ ಹಸಿ, ಹದ, ಸೀದದ್ದು ಎಂದೇ ಅಳೆಯುತ್ತಿದ್ದಳು. ನನ್ನ ಮಗನ ಬಗ್ಗೆ ಕೇಳಿದರೆ, "ಇನ್ನಾ ಹಸಿ ಅದಾರ್ರಿ" ಎಂದಳು. ಅವನಿಗೆ ಆಗಲೇ ತಲೆ ನರೆತಿತ್ತು. ಗೋಡೆಯ ಮೇಲಿನ ನಮ್ಮ ಯಜಮಾನರ ಫೋಟೋ ತೋರಿಸಿ, "ಇವರು ಹೆಂಗಿದ್ದರ್ರಿ?" ಎಂದಳು. ಸೀದೋರು ಎಂದೆ. ಆಗ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ. ನಕ್ಕರೂ ಸದ್ದಿರುತ್ತಿರಲಿಲ್ಲ, ಹೊಟ್ಟೆ ಮಾತ್ರ ಅಲುಗುತ್ತಿತ್ತು.

ಸದ್ದೆಲ್ಲ ಭಾನುವಾರಕ್ಕೆ. ಬೆಳಗಾದರೆ ರೊಟ್ಟಿ ಬಡಿಯುವಳು, ನಮ್ಮ ತಲೆಯ ಮೇಲೆಯೇ. ಅದಕ್ಕೆ ಜಗಳ ಆಡಿದ್ದೇನೆ. "ಇದೇನ್ ರೊಟ್ಟಿನೋ ತಮಟೆನೋ" ಎಂದರೆ, ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಂದಿಟ್ಟು ಮಾತಾಡದೆ ಹೋಗುವಳು. ಮುಂದಿನ ಭಾನುವಾರ ಮತ್ತೆ ಬಡಿಯುವಳು.

ಅವಳಿಗೆ ಗೊತ್ತಿಲ್ಲದ್ದನ್ನು ಅವಳ ಬಾಯಿಂದ ಹೊರಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ನಮ್ಮ ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ ಮಗ ಅವಳ ಹಿಂದೆ ಬಿದ್ದ. "ಮೇಡಂ, ನೆಲದೊಳಗಿನ ಎಣ್ಣೆ ನೋಡೋರು ನೀವು. ಒಂದ್ ನೀರಿನ ಪಾಯಿಂಟ್ ತೋರ್ಸಿ" ಎಂದ. ಅವಳು ನನಗದು ತಿಳಿಯಂಗಿಲ್ರಿ ಎಂದಳು. ಅವನು ಬಿಡಲಿಲ್ಲ. "ಅಂದಾಜ್ ಹೇಳಿ ಮೇಡಂ, ತಪ್ಪಾದ್ರೆ ನಿಮ್ಮನ್ನೇನ್ ಬೈಯಲ್ಲ." "ಅಂದಾಜು ನಿಮಗೂ ಬರ್ತದಲ್ರಿ" ಎಂದು ಮೆಟ್ಟಿಲು ಹತ್ತಿದಳು. ಕೊನೆಗೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ಹೇಳುವವನನ್ನು ಮಗ ಕರೆಸಿದ. ಅವನು ಹಿತ್ತಲಲ್ಲಿ ನಡೆದ, ಕಾಯಿ ಎದ್ದು ನಿಂತಿತು, ಅಲ್ಲಿ ಕೊರೆಸಿದೆವು, ಒಣ ಧೂಳು ಬಂತು. ಅವಳು ಮಹಡಿಯಿಂದ ಎಲ್ಲ ನೋಡಿದಳು. ಮಗನಿಗೆ ಅವಳ ಮೇಲೆ ಸಿಟ್ಟು ಬಂತು, ಕಾಯಿಯವನ ಮೇಲೆ ಬರಲಿಲ್ಲ. ಕಾಯಿಯವನು ಏನೋ ಒಂದು ಹೇಳಿದ್ದನಲ್ಲ.

ಅವಳನ್ನು ನೋಡಲು ಬರುತ್ತಿದ್ದವನು ಒಬ್ಬನೇ. ಆಫೀಸಿನಲ್ಲಿ ಅವಳ ಪಕ್ಕದ ಮೈಕ್ರೋಸ್ಕೋಪಿನವನು, ಜೋಗುಪಾಳ್ಯದವನು, ಮನೆಮಾತು ತಮಿಳು, ಅವಳಿಗಿಂತ ಸ್ವಲ್ಪ ಚಿಕ್ಕವನು. ಮಳೆ ಬಂದ ದಿನ ಸ್ಕೂಟರಿನಲ್ಲಿ ಬಿಟ್ಟುಹೋಗುತ್ತಿದ್ದ. ಗೇಟಿನಲ್ಲೇ ನಿಂತು, "ಅಮ್ಮಾ, ನಿಮ್ ಕಲ್ಲು ದೇವ್ರನ್ನ ಇಳಿಸ್ಕೊಳ್ಳಿ" ಎಂದು ಕೂಗುತ್ತಿದ್ದ. ಕೆಲಸ ಕಲಿಸಿದ್ದು ಅವಳೇ ಎಂದು ಹೇಳುತ್ತಿದ್ದ.

ಒಂದು ಸಲ ಹಬ್ಬಕ್ಕೆ ಮೆಟ್ಟಿಲ ಗೋಡೆಗೆ ಸುಣ್ಣ ಬಳಿಸಿದ್ದೆ. ಅವಳು ಆಫೀಸಿನಿಂದ ಬಂದು, "ಹಳದಿ ಯಾಕ ಬಳಿಸೀರ್ರಿ ಅವ್ವಾರ? ಬಿಳೀದು ಚಂದಿರ್ತಿತ್ತು" ಎಂದಳು.

"ಹಳದಿ ಎಲ್ಲಮ್ಮಾ? ಸುಣ್ಣ ಅದು, ಹಾಲಿನ್ ಹಂಗೈತೆ."

ಗೋಡೆಯ ಹತ್ತಿರ ಹೋಗಿ ನೋಡಿದಳು. ನನಗೆ ತಿಳಿದುಹೋಯಿತು. ನನ್ನ ಕಣ್ಣಿಗೆ ಪೊರೆ ಬಂದಾಗಲೂ ಹೀಗೆಯೇ ಆಗಿತ್ತು, ಅನ್ನವೆಲ್ಲ ಅರಿಶಿಣ ಬೆರೆಸಿದಂತೆ ಕಾಣುತ್ತಿತ್ತು. "ಪೊರೆ ಕಣಮ್ಮ, ನಡಿ ಆಸ್ಪತ್ರೆಗೆ" ಎಂದೆ. ಕೆಲಸ ಅದ, ಆಮ್ಯಾಗ ನೋಡಾಮು ಎಂದು ತಳ್ಳುತ್ತಾ ಬಂದಳು. ದಿನಾ ಬೈದು ಬೈದು ಕೊನೆಗೆ ನಾನೇ ಎಳೆದುಕೊಂಡು ಹೋದೆ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದೊಂದಾಗಿ ತೆಗೆಯೋಣ ಎಂದರು ಡಾಕ್ಟರು. ಮೊದಲು ಬಲಗಣ್ಣಿನದನ್ನು ತೆಗೆದರು.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದೆವು. ಅವಳು ಮೆಟ್ಟಿಲ ಹತ್ತಿರ ನಿಂತಳು. ಕೈಯಿಂದ ಎಡಗಣ್ಣು ಮುಚ್ಚಿ ಗೋಡೆ ನೋಡಿದಳು. ಬಲಗಣ್ಣು ಮುಚ್ಚಿ ನೋಡಿದಳು. ಮತ್ತೆ ಎಡ, ಮತ್ತೆ ಬಲ. ಖುಷಿಯಾಗಿರಬೇಕು ಎಂದುಕೊಂಡೆ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏನಮ್ಮ, ತಲೆ ಸುತ್ತುತ್ತಾ?"

"ಒಂದರಾಗ ಬೆಳ್ಳಗದ. ಒಂದರಾಗ ಹಳದಿ ಅದ" ಎಂದಳು. ಗೋಡೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಅವ್ವಾರ, ಇದು ಯಾವಾಗಿಂದ ಹಿಂಗಾಗಿತ್ತು?"

ನನಗೆ ಅರ್ಥವಾಗಲಿಲ್ಲ. ಆಗ ಅವಳೇ ಬಿಡಿಸಿ ಹೇಳಿದಳು. ಕಣ್ಣಿಗೆ ಪೊರೆ ಇದ್ದಾಗ ತಿಳಿ ಹಳದಿಯೂ ಕಿತ್ತಳೆಯಾಗಿ ಕಾಣುತ್ತದೆ. ಹಸೀ ಕಲ್ಲು ಬೆಂದದ್ದಾಗಿ ಕಾಣುತ್ತದೆ. ಹೊಸಬರು ಪ್ರತಿ ಸಲ ಹದ ಮೊದಲೇ ಗೊತ್ತಿರುವ ಮಾದರಿ ಗಾಜನ್ನು ಪಕ್ಕದಲ್ಲಿಟ್ಟು ಬಣ್ಣ ಹೋಲಿಸುತ್ತಾರಂತೆ. ಹಾಗೆ ಮಾಡಿದ್ದರೆ ಮಾದರಿಯೂ ಅಷ್ಟೇ ಹಳದಿಯಾಗಿ ಕಂಡು ತಪ್ಪು ಸಿಕ್ಕಿಬೀಳುತ್ತಿತ್ತು. ಅವಳು ಹೋಲಿಸುವುದನ್ನು ಎಂದೋ ಬಿಟ್ಟಿದ್ದಳು. ಕೈ ಪಳಗಿದವಳು ಉಪ್ಪು ಅಳೆದು ಹಾಕುತ್ತಾಳಾ? ಹಾಗೆ. ಅವಳು ಬೆಂದಿದೆ ಎಂದು ರುಜು ಹಾಕಿದ ಜಾಗದಲ್ಲಿ ಜನ ಭೂಮಿ ಕೊರೆಯುತ್ತಾರೆ. ಎಷ್ಟು ಜಾಗಕ್ಕೆ ತಪ್ಪು ಹೇಳಿದ್ದಾಳೆ ಎನ್ನುವುದು ಪೊರೆ ಶುರುವಾದದ್ದು ಯಾವಾಗ ಎನ್ನುವುದರ ಮೇಲೆ ನಿಂತಿತ್ತು. ಹಿಂದಿನ ತಿಂಗಳು ಎಂದರೆ ಒಂದೆರಡು ಜಾಗ. ಹತ್ತು ವರ್ಷ ಎಂದರೆ ಅವಳ ಕೆಲಸವೇ ಉಳಿಯುವುದಿಲ್ಲ.

"ನಿಮಗೇನರ ನೆನಪದ ಏನ್ರಿ? ಗ್ವಾಡಿಗಿಂತ ಮೊದಲ ನಾ ಯಾವುದರ ಬಣ್ಣ ತಪ್ಪ ಹೇಳಿದ್ದು?"

ನೆನಪಿತ್ತು. ಎರಡು ದೀಪಾವಳಿಯ ಹಿಂದೆ ನಾನು ಹಾಲು ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದೆ. ಇವಳು, ಅರಿಶಿಣ ಬಣ್ಣ ನಿಮಗ ಭಾಳ ಒಪ್ತದ್ರಿ ಎಂದಿದ್ದಳು. ಗಂಡ ಸತ್ತವಳಿಗೆ ಅರಿಶಿಣ ಒಪ್ಪುತ್ತೆ ಎನ್ನುತ್ತಾಳಲ್ಲ ಎಂದು ನನಗೆ ಉರಿದು, ಹಬ್ಬ ಮುಗಿಯುವವರೆಗೆ ಮಾತು ಬಿಟ್ಟಿದ್ದೆ. ಅದಕ್ಕೇ ನೆನಪು. ಕೇಳಿದಳು, ಹೇಳಿದೆ. ಸುಳ್ಳು ಹೇಳಬೇಕು ಎಂದು ಹೊಳೆಯಲೂ ಇಲ್ಲ.

"ಎರಡು ದೀಪಾವಳಿ" ಎಂದಳು. "ಅಂದ್ರ ಅಷ್ಟೊತ್ತಿಗೆ ಇತ್ತು. ಶುರು ಆಗಿದ್ದು ಇನ್ನೂ ಯಾವಾಗೋ."

ಮಾರನೆಯ ದಿನ ಜೋಗುಪಾಳ್ಯದವನು ಬಂದ. ಮಹಡಿಯಲ್ಲಿ ಇಬ್ಬರೂ ಮಾತಾಡುತ್ತಿದ್ದರು. ನಾನು ಹಪ್ಪಳ ಒಣಗಿಸುತ್ತಾ ಅಲ್ಲೇ ಇದ್ದೆ. ನನ್ನನ್ನು ಯಾರೂ ಹೋಗು ಎನ್ನಲಿಲ್ಲ.

"ಆಫೀಸಿಗ್ ಹೇಳಿ ಅಂತ ಯಾರ್ ಕೇಳಿದ್ರು ಮೇಡಂ ನಿಮ್ಮನ್ನ?" ಎಂದು ಅವನು ಕೈ ಕೈ ಹಿಸುಕುತ್ತಿದ್ದ. "ಈಗ ಕಣ್ಣು ಸರಿ ಹೋಯ್ತಲ್ಲ, ಇನ್ಮೇಲೆ ಕರೆಕ್ಟಾಗ್ ನೋಡ್ಕೊಂಡ್ ಹೋಗಿ. ಹಿಂದಿಂದೆಲ್ಲ ಬಿಟ್ಬಿಡಿ."

"ಬಿಟ್ರ ಅದು ಅಲ್ಲೇ ಕೂಡ್ತದ ಏನ್ರಿ? ಕೊರೀತಾರ."

"ಕೊರೀಲಿ! ಬರ್ಲಿಲ್ಲ ಅಂದ್ರೆ ನೆಲದ್ ತಪ್ಪು ಅಂತಾರೆ. ದಿನಾ ಎಷ್ಟ್ ಬಾವಿ ಫೇಲ್ ಆಗಲ್ಲ? ನೀವ್ ಬಾಯ್ಬಿಟ್ರೆ ಎರಡ್ ವರ್ಷದ್ದು ಮಾತ್ರ ಅಲ್ಲ, ನೀವ್ ಮಾಡಿದ್ದೆಲ್ಲಾ ಡೌಟ್ ಮಾಡ್ತಾರೆ. ಈ ವಯಸ್ಸಲ್ಲಿ ಯಾರ್ ಮೇಡಂ ಕೆಲ್ಸ ಕೊಡ್ತಾರೆ? ಅಮ್ಮಾ, ನೀವಾದ್ರೂ ಹೇಳಿ!"

"ನನ್ನ್ ಯಾಕಪ್ಪ ಎಳೀತೀಯ" ಎಂದೆ.

ಅವಳು ಹೇಳಿದ್ದು ಇಷ್ಟೇ. "ಹಸೀದಕ್ಕ ಬೆಂದದ ಅಂತ ಬರದೀನಿ. ನನಗ ಗೊತ್ತಾಗ್ಯದ. ಈಗ ಸುಮ್ಮನ ಕುಂತ್ರ ಇಲ್ಲೀತನಕ ಆಗಿದ್ದು ಕಣ್ಣಿನ ತಪ್ಪು, ಇನ್ನ ಮ್ಯಾಲಿಂದು ನನ್ನ ತಪ್ಪು."

ಆಫೀಸಿಗೆ ಹೇಳಿದಳು. ಆ ದೀಪಾವಳಿಯಿಂದ ಈಚೆಗಿನದು ಯಾವುದನ್ನೂ ನಂಬಬೇಡಿ, ಅದರ ಹಿಂದಿನದಕ್ಕೂ ನಾನು ಹೊಣೆ ಹೊರಲಾರೆ, ಎಲ್ಲ ಬೇರೆಯವರಿಂದ ನೋಡಿಸಿ ಎಂದಳಂತೆ. ಮೊದಲು ಅವಳು ಗಾಜು ಮುಟ್ಟಬಾರದು ಎಂದರು. ಆಮೇಲೆ ರಜೆ ಹಾಕಿ ಎಂದರು. ಆಮೇಲೆ ಬರಬೇಡಿ ಎಂದರು. ಬೈಯಲಿಲ್ಲವಂತೆ. ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿದರಂತೆ.

ಎಡಗಣ್ಣಿಗೆ ಡಾಕ್ಟರು ಕೊಟ್ಟ ದಿನ ಬಂತು. ನಾನು ಸೀರೆ ಬದಲಾಯಿಸಿ ಕೂತಿದ್ದೆ. ಅವಳು ಒಲ್ಲೆ ಎಂದಳು. "ಇದು ಇರಲ್ರಿ ಅವ್ವಾರ. ಆಫೀಸಿನೋರು ಎಲ್ಲಾ ನೋಡಿ ಮುಗಿಯೂತನ ಇರಲಿ. ನಾ ಎಷ್ಟು ತಪ್ಪ ನೋಡೀನಿ ಅಂತ ತೋರಸಾಕ ಇದೊಂದೇ ಉಳದದ. ಕರದ್ರ ಹೋಗಿ, ಎರಡೂ ಕಣ್ಣೀಲೆ ನೋಡಿ ಹೇಳ್ತೀನಿ." ಯಾರೂ ಕರೆಯಲಿಲ್ಲ.

ಹಗಲು ಹೊತ್ತು ಮನೆಯಲ್ಲಿ ಇದ್ದು ಅವಳಿಗೆ ಅಭ್ಯಾಸ ಇರಲಿಲ್ಲ. ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುವಳು. ಬಟ್ಟೆ ಒಣಗಿದ್ದರೂ ಎತ್ತಿಡುತ್ತಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂರುವೆ. ರೊಟ್ಟಿ ಬಡಿಯುವುದನ್ನೂ ಬಿಟ್ಟಳು. ಭಾನುವಾರ ಮನೆ ಸದ್ದಿಲ್ಲದೆ ಇತ್ತು, ನನಗೆ ಅದೂ ಆಗಲಿಲ್ಲ. ಬೀದಿಯಲ್ಲಿ ಹಾಲು ಹಾಕುವವಳು, "ಕಣ್ಣೇ ಕಾಣ್ದಂಗೆ ಕೆಲ್ಸ ಮಾಡ್ತಿದ್ರಂತೆ ನಿಮ್ ಮೇಲ್ಮನೆಯವ್ರು?" ಎಂದಳು. "ನಿನ್ ಹಾಲಲ್ಲಿ ನೀರು ನನ್ ಕಣ್ಣಿಗೂ ಕಾಣುತ್ತೆ, ನೀನ್ಯಾವತ್ತಾದ್ರೂ ಒಪ್ಕೊಂಡಿದ್ದೀಯಾ?" ಎಂದೆ. ಅಲ್ಲಿಂದ ಹಾಲು ಗಟ್ಟಿಯಾಗಿ ಬರುತ್ತಿದೆ.

ಚಳಿಗಾಲ ಮುಗಿಯುವಾಗ ಊರಿಗೆ ಹೊರಟಳು. ಜೋಗುಪಾಳ್ಯದವನು ಆಟೋ ತಂದಿದ್ದ. ಕಲ್ಲಿನ ಡಬ್ಬಗಳನ್ನು ಏನು ಮಾಡಲಿ ಎಂದು ಕೇಳಿದೆ. ತೆಂಗಿನ ಬುಡಕ್ಕ ಸುರೀರಿ ಎಂದಳು. ಸುರಿದೆ. ಬರ್ತೀನ್ರಿ ಅವ್ವಾರ ಎಂದಳು, ಹೋಗ್ಬಾ ಎಂದೆ. ಇನ್ನೇನಾದರೂ ಹೇಳಬೇಕಿತ್ತೇನೋ. ಆಟೋದವನು ಬೇಗ ಬೇಗ ಎನ್ನುತ್ತಿದ್ದ.

ಅಲ್ಲಿಂದ ಒಂದೆರಡು ಸಲ ಫೋನ್ ಮಾಡಿದ್ದಳು. ಜೋಳ ಚೆನ್ನಾಗಿದೆ, ಬಿಸಿಲು ಜಾಸ್ತಿ, ತಮ್ಮನ ಮಕ್ಕಳು ಗಲಾಟೆ, ಇಷ್ಟೇ ಮಾತು. ಕಲ್ಲಿನ ವಿಷಯ ಅವಳು ಎತ್ತಲಿಲ್ಲ, ನಾನು ಕೆದಕಲಿಲ್ಲ. ಆಮೇಲೆ ಬಂದದ್ದು ತಮ್ಮನ ಫೋನು.

ಜೋಗುಪಾಳ್ಯದವನಿಗೆ ಸುದ್ದಿ ಹೇಳಿಸಿದ್ದೆ. ಮೊನ್ನೆ ಬಂದ. ಗೇಟಿನಲ್ಲಿ ಕೂಗಲಿಲ್ಲ, ಒಳಗೆ ಬಂದು ಕೂತ. ಅವಳ ಹಳೆಯ ಗಾಜುಗಳನ್ನೆಲ್ಲ ಮತ್ತೆ ನೋಡುವ ಕೆಲಸ ಆಫೀಸಿನವರು ಅವನಿಗೇ ಹಚ್ಚಿದ್ದರಂತೆ. ಈಚಿನದರಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ನೋಡುತ್ತಾ ಹೋದನಂತೆ.

"ಆ ದೀಪಾವಳಿಯಿಂದ ಈಚೆಗೆ ತುಂಬಾನೇ ತಪ್ಪಿತ್ತಮ್ಮ" ಎಂದ. "ಒಂದ್ ಕಡೆ ಕೊರೆದೂ ಬಿಟ್ಟಿದ್ರು, ಏನೂ ಬರ್ಲಿಲ್ಲ. ಇನ್ನೊಂದ್ ಮೂರ್ನಾಲ್ಕ್ ಕಡೆ ಕೊರೆಯೋದ್ ನಿಲ್ಸಿದ್ರು, ಮೇಡಂ ತಪ್ಪು ಒಪ್ಕೊಂಡಿದ್ರಿಂದ."

"ಅದರ ಹಿಂದಿಂದು?"

"ಆ ದೀಪಾವಳಿ ವರ್ಷದ ಮಳೆಗಾಲದಲ್ಲಿ ಒಂದ್ ತಪ್ಪು. ಅದಕ್ ಹಿಂದೆ ಒಂದೂ ಇಲ್ಲ. ಹೋದೆ ಹೋದೆ, ನಾನ್ ಕೆಲ್ಸಕ್ ಸೇರೋಕ್ ಮುಂಚಿನವ್ರೆಗೂ ಹೋದೆ. ಎಲ್ಲಾ ಅವ್ರ್ ಹೇಳಿದ್ ಹಾಗೇ ಇದೆ."

"ಅವಳಿಗೆ ಗೊತ್ತಾಯ್ತಾ?"

"ಗೊತ್ತಾಗಿದ್ ದಿನಾನೇ ಫೋನ್ ಮಾಡ್ದೆ. ಮಾದರಿ ಗಾಜು ಪಕ್ಕದಾಗ ಇಟ್ಟು ನೋಡಿದ್ರಿ ಏನ್ರಿ ಅಂತ ಕೇಳಿದ್ರು. ಹೌದು ಮೇಡಂ, ಪ್ರತಿಯೊಂದಕ್ಕೂ ಅಂದೆ. ಹಂಗಾರ ಈ ಎಡಗಣ್ಣಿಂದು ಕೆಲಸ ಮುಗೀತು, ತೆಗಸಿಬಿಡ್ತೀನಿ ಅಂದ್ರು. ಊಟಕ್ ಕರೀತಿದಾರೆ ಅಂತ ಇಟ್ರು. ಕಲಬುರಗಿ ಆಸ್ಪತ್ರೆಲಿ ಆಪರೇಷನ್ನಿಗೆ ದಿನಾನೂ ಗೊತ್ತು ಮಾಡ್ಕೊಂಡಿದ್ರಂತೆ."

ಆ ದಿನ ಬರುವುದರೊಳಗೆ ಹೋಗಿದ್ದಾಳೆ. ಅವನು ತಲೆ ತಗ್ಗಿಸಿ ಅಳುತ್ತಿದ್ದ. ದೊಡ್ಡ ಗಂಡಸು, ಮೂಗು ಸೋರುತ್ತಿತ್ತು. ಸೊಸೆ ಕಾಫಿ ತಂದಿಟ್ಟು ಬಹಳ ಹೊತ್ತಾಗಿತ್ತು, ಕೆನೆ ಕಟ್ಟಿತ್ತು. ನಾನು ಅವನನ್ನೇ ನೋಡುತ್ತಾ ಕೂತಿದ್ದೆ.

"ಊಟಕ್ಕೆ ಹೋದಳಾ?" ಎಂದು ಕೇಳಿದೆ.

"ಹೂಂ ಅಮ್ಮ. ಹೋದ್ರು."

"ಸರಿ" ಎಂದೆ. ಆ ಹೊತ್ತು ಅವಳು ಹೊಟ್ಟೆ ತುಂಬ ಉಂಡಿರುತ್ತಾಳೆ.